ಕೊಳ್ಳಿದೆವ್ವದ ಬೆನ್ನು ಹತ್ತಿದ ಡ್ರಮ್ಮರ್

ಎಲೆಕ್ಟ್ರಾನಿಕ್ ಸಂಗೀತದ ದೊಡ್ಡ ಹೆಸರುಗಳಲ್ಲಿ ಒಂದಾದ ಕ್ಲೌಸ್ ಶುಲ್ತ್ಸೆ ಅವರ ಮೊದಲ ಸ್ವಂತ ಆಲ್ಬಂನಲ್ಲಿ ಒಂದೇ ಒಂದು ಸಿಂಥಸೈಜರ್ ಇಲ್ಲ. 1972ರಲ್ಲಿ ಅದನ್ನು ಮಾಡುವಾಗ ಅವರ ಹತ್ತಿರ ಇದ್ದದ್ದು ಒಂದು ಎಲೆಕ್ಟ್ರಿಕ್ ಆರ್ಗನ್, ಕೆಟ್ಟುಹೋದ ಒಂದು ಗಿಟಾರ್ ಆಂಪ್ಲಿಫೈಯರ್, ಒಂದಷ್ಟು ಟೇಪು. ಬರ್ಲಿನ್‌ನ ವಾದ್ಯವೃಂದವೊಂದರ ನುಡಿಕೆಯನ್ನು ಟೇಪಿಗೆ ಹಿಡಿದುಕೊಂಡರು. ಆಮೇಲೆ ಆ ಟೇಪನ್ನು ಹಿಂದುಮುಂದಾಗಿ ಓಡಿಸಿದರು. ಪಿಟೀಲುಗಳ ನಾದ ಎಲ್ಲಿಂದಲೋ ಉಬ್ಬಿ ಬಂದು ಥಟ್ಟನೆ ಕತ್ತರಿಸಿಹೋಗುತ್ತದೆ. ಯಾವ ವಾದ್ಯ ಯಾವುದೆಂದು ಕಿವಿಗೆ ಗುರುತು ಸಿಗುವುದಿಲ್ಲ. ಅದರ ಮೇಲೆ ಆರ್ಗನ್ನಿನ ಒಂದು ಸ್ವರ ನಿಮಿಷಗಟ್ಟಲೆ ಅಲುಗದೆ ನಿಲ್ಲುತ್ತದೆ. ಅಲುಗದೆ ಎಂದೆನೇ? ಆಂಪ್ಲಿಫೈಯರಿನ ದೋಷವೇ ಆ ಸ್ವರಕ್ಕೊಂದು ನಡುಕ ಕೊಟ್ಟಿದೆ. ರಿಪೇರಿಗೆ ಹಾಕಬೇಕಾಗಿದ್ದ ವಸ್ತುವನ್ನು ಶುಲ್ತ್ಸೆ ವಾದ್ಯ ಮಾಡಿಕೊಂಡರು.

ಆಲ್ಬಂನ ಹೆಸರು ‘ಇರ್‌ಲಿಖ್ಟ್’. ಜರ್ಮನ್‌ನಲ್ಲಿ ಆ ಪದದ ಅರ್ಥ ನಮ್ಮ ಕೊಳ್ಳಿದೆವ್ವ: ರಾತ್ರಿ ಹೊತ್ತು ಜವುಗು ನೆಲದ ಮೇಲೆ ಹೊತ್ತಿ, ಆರಿ, ಮತ್ತೆ ಹೊತ್ತಿ, ಹಿಂದೆ ಹೋದವರನ್ನು ದಾರಿ ತಪ್ಪಿಸುತ್ತದೆಂದು ಹಿರಿಯರು ಹೇಳುತ್ತಿದ್ದ ಬೆಳಕು. ಇದರ ಕೊನೆಯ ಭಾಗಕ್ಕೆ ಅವರು ಕೊಟ್ಟ ಹೆಸರು ‘ಎಕ್ಸಿಲ್ ಸಿಲ್ಸ್ ಮರಿಯಾ’. ಸಿಲ್ಸ್ ಮರಿಯಾ ಎಂದರೆ ತತ್ತ್ವಜ್ಞಾನಿ ನೀತ್ಶೆ ಬೇಸಿಗೆಗಳನ್ನು ಒಂಟಿಯಾಗಿ ಕಳೆಯುತ್ತಿದ್ದ ಸ್ವಿಟ್ಜರ್ಲೆಂಡಿನ ಹಳ್ಳಿ. ಮೊದಲ ರೆಕಾರ್ಡಿನಲ್ಲೇ ಇಪ್ಪತ್ತೈದರ ಆಸುಪಾಸಿನ ಹುಡುಗ ತಾನು ಯಾವ ದಾರಿ ಹಿಡಿಯುತ್ತೇನೆಂದು ಹೇಳಿಬಿಟ್ಟಿದ್ದ.

ಆ ದಾರಿಯಲ್ಲಿ ಅವರು ಐವತ್ತು ವರ್ಷ ನಡೆದರು. ಬಾಯಿಪಾಠವಾಗುವಂಥ ಒಂದು ಹಾಡನ್ನೂ ಮಾಡಲಿಲ್ಲ. ರೇಡಿಯೊಗೆ ಹೊಂದುವ ಮೂರು ನಿಮಿಷದ ಅಳತೆಗೆ ಬಗ್ಗಲಿಲ್ಲ. ಅವರ ಸಂಗೀತವನ್ನು ಬಹುಕಾಲದಿಂದ ಕೇಳುತ್ತಾ ಬಂದ ನನಗೆ ಅನಿಸುವುದು ಇಷ್ಟು: ಶುಲ್ತ್ಸೆ ಜೀವನವಿಡೀ ನುಡಿಸಿದ್ದು ಹೊತ್ತನ್ನು. ಒಂದು ನಾದಕ್ಕೆ ಅದಕ್ಕೆ ಬೇಕಾದಷ್ಟು ಹೊತ್ತು ಕೊಟ್ಟರೆ ಅದು ಏನಾಗಬಲ್ಲದು ಎಂಬುದೊಂದೇ ಅವರು ಹುಡುಕಿದ್ದು.

ಶುಲ್ತ್ಸೆ ಹುಟ್ಟಿದ್ದು 1947ರ ಆಗಸ್ಟ್ 4ರಂದು, ಯುದ್ಧ ಮುಗಿದು ಎರಡು ವರ್ಷವಾಗಿದ್ದ ಬರ್ಲಿನ್‌ನಲ್ಲಿ. ತಂದೆ ಬರಹಗಾರರು, ತಾಯಿ ಬ್ಯಾಲೆ ನರ್ತಕಿ. ಹದಿನಾಲ್ಕನೇ ವಯಸ್ಸಿಗೆ ಕಣ್ಣೆದುರೇ ಊರಿನ ನಡುವೆ ಗೋಡೆ ಎದ್ದಿತು. ಪಶ್ಚಿಮ ಬರ್ಲಿನ್ ಒಂದು ದ್ವೀಪವಾಯಿತು. ಸುತ್ತ ನೀರಿನ ಬದಲು ಪೂರ್ವ ಜರ್ಮನಿ. ಅಲ್ಲಿ ವಾಸವಾಗಿದ್ದ ಹುಡುಗರಿಗೆ ಕಡ್ಡಾಯ ಸೈನ್ಯಸೇವೆ ಇರಲಿಲ್ಲ. ಹಾಗಾಗಿ ಕೂದಲು ಬಿಟ್ಟವರು, ಚಿತ್ರ ಬರೆಯುವವರು, ಸರ್ಕಾರದೊಂದಿಗೆ ಜಗಳವಿದ್ದವರು ಎಲ್ಲರೂ ಅಲ್ಲಿಗೇ ಬಂದು ಸೇರುತ್ತಿದ್ದರು.

1968ರ ಸುಮಾರಿಗೆ ಕಾಲುವೆ ದಂಡೆಯ ಹಾಲೆಶೆಸ್ ಊಫರ್ ಬೀದಿಯಲ್ಲಿ, ಒಂದು ನಾಟಕಶಾಲೆಯ ಕಟ್ಟಡದಲ್ಲೇ, ‘ತ್ಸೋಡಿಯಾಕ್’ ಎಂಬ ಜಾಗ ಶುರುವಾಯಿತು. ಕಾನ್ರಾಡ್ ಶ್ನಿಟ್ಸ್‌ಲರ್, ಹಾನ್ಸ್ ಯೋಆಖಿಮ್ ರೋಡೇಲಿಯಸ್ ಮುಂತಾದ ಕಲಾವಿದರು ಕಟ್ಟಿದ್ದು. ಒಂದು ಕೋಣೆಗೆ ಪೂರಾ ಬಿಳಿ ಬಣ್ಣ, ಇನ್ನೊಂದಕ್ಕೆ ಪೂರಾ ಕಪ್ಪು. ಯಾರು ಬೇಕಾದರೂ ಬಂದು ಏನು ಬೇಕಾದರೂ ಬಾರಿಸಬಹುದಿತ್ತು. ಜಾಗ ಬಾಳಿದ್ದು ಕೆಲವೇ ತಿಂಗಳು. ಆದರೂ ಮುಂದೆ ‘ಬರ್ಲಿನ್ ಸ್ಕೂಲ್’ ಎಂದು ಹೆಸರಾದ ಸಂಗೀತದ ಬೇರು ಇರುವುದು ಅಲ್ಲೇ. ಅದೇ ಹೊತ್ತಿಗೆ ಸ್ವಿಸ್ ಸಂಯೋಜಕ ಥಾಮಸ್ ಕೆಸ್ಲರ್ ಊರಿನ ಇನ್ನೊಂದು ಭಾಗದಲ್ಲಿ ಸ್ಟುಡಿಯೊ ಒಂದನ್ನು ತೆರೆದು, ರಾಕ್ ಬಾರಿಸುವ ಹುಡುಗರಿಗೆ ಯಂತ್ರಗಳನ್ನು ಮುಟ್ಟಲು ಬಿಟ್ಟರು. ಶಾಸ್ತ್ರೀಯ ಪರಂಪರೆಯ ಒಬ್ಬ ಮೇಷ್ಟ್ರು ಹೀಗೆ ಬಾಗಿಲು ತೆರೆದದ್ದು ಎಷ್ಟು ದೊಡ್ಡ ಉಪಕಾರವೆಂದು ಯೋಚಿಸಿ. 1951ರಲ್ಲೇ ಕಲೋನ್ ನಗರದ ಆಕಾಶವಾಣಿಯಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಬಂದಿತ್ತು, ಸಂಯೋಜಕ ಸ್ಟಾಕ್‌ಹೌಸನ್ ಅಲ್ಲಿ ಕೆಲಸ ಮಾಡಿದ್ದರು. ಅದು ಪಂಡಿತರ ಮನೆ. ಬೀದಿಯ ಹುಡುಗರಿಗೆ ಆ ವಿದ್ಯೆ ದಾಟಿದ್ದು ಇಂಥ ಕೋಣೆಗಳ ಮೂಲಕ.

ಆಗ ಶುಲ್ತ್ಸೆ ಡ್ರಮ್ಮರ್. ‘ಸೈ ಫ್ರೀ’ ಎಂಬ ಗುಂಪಿನಲ್ಲಿ ಬಾರಿಸುತ್ತಿದ್ದವರನ್ನು ಎಡ್ಗರ್ ಫ್ರೋಸೆ ತಮ್ಮ ‘ಟ್ಯಾಂಜರೀನ್ ಡ್ರೀಮ್’ ತಂಡಕ್ಕೆ ಕರೆದರು. 1969ರ ಅಕ್ಟೋಬರಿನಲ್ಲಿ ಫ್ರೋಸೆ, ಶ್ನಿಟ್ಸ್‌ಲರ್, ಶುಲ್ತ್ಸೆ ಮೂವರೂ ಬಾಡಿಗೆಗೆ ಹಿಡಿದ ಒಂದು ಕಾರ್ಖಾನೆಯಲ್ಲಿ ಕೂತು ಬಾರಿಸಿದ್ದೇ ಮರುವರ್ಷ ‘ಎಲೆಕ್ಟ್ರಾನಿಕ್ ಮೆಡಿಟೇಷನ್’ ಎಂಬ ಆಲ್ಬಂ ಆಗಿ ಬಂತು. ಶುಲ್ತ್ಸೆ ಅದಾಗಲೇ ಮನೆಯಲ್ಲಿ ಆರ್ಗನ್ನಿನ ಧ್ವನಿಯನ್ನು ಟೇಪಿಗೆ ಹಾಕಿ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಆ ಟೇಪುಗಳನ್ನು ವೇದಿಕೆಗೆ ತರಬೇಕೆಂಬ ಆಸೆ. ಫ್ರೋಸೆ ಒಪ್ಪಲಿಲ್ಲ, ಡ್ರಮ್ಸ್ ಬಾರಿಸುವುದಾದರೆ ಇರು, ಇಲ್ಲವಾದರೆ ಹೊರಡು ಎಂದರಂತೆ. ಶುಲ್ತ್ಸೆ ಹೊರಟರು. ನಂತರ ಗಿಟಾರ್ ವಾದಕ ಮಾನುಯೆಲ್ ಗ್ಯೋಟ್‌ಶಿಂಗ್, ಹಾರ್ಟ್‌ಮೂಟ್ ಎಂಕೆ ಜತೆ ‘ಆಶ್ ರಾ ಟೆಂಪಲ್’ ಕಟ್ಟಿದರು. 1971ರಲ್ಲಿ ಒಂದು ಆಲ್ಬಂ ಮಾಡಿ ಅದನ್ನೂ ಬಿಟ್ಟರು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಒಬ್ಬರೇ.

ಡ್ರಮ್ಸ್ ಬಿಟ್ಟರು ಎಂದು ಎಲ್ಲರೂ ಬರೆಯುತ್ತಾರೆ. ಕೋಲುಗಳನ್ನು ಬಿಟ್ಟರು, ನಿಜ. ಲಯ ಕೈಯಿಂದ ಹೋಗಲಿಲ್ಲ ಎಂಬುದಕ್ಕೆ ಅವರ ಮುಂದಿನ ಹತ್ತು ವರ್ಷದ ಕೆಲಸವೇ ಸಾಕ್ಷಿ.

1973ರ ‘ಸೈಬೋರ್ಗ್’ನಲ್ಲಿ ಇಂಗ್ಲೆಂಡಿನ ಇಎಂಎಸ್ ಕಂಪನಿಯ ಪುಟ್ಟ ಸಿಂಥಸೈಜರ್ ಅವರ ಕೈಗೆ ಬಂತು. ಆಮೇಲಿನ ‘ಬ್ಲ್ಯಾಕ್‌ಡ್ಯಾನ್ಸ್’, ‘ಪಿಕ್ಚರ್ ಮ್ಯೂಸಿಕ್’ ಎರಡೂ ದಾರಿ ಹುಡುಕುವ ಆಲ್ಬಂಗಳು. ಅವುಗಳಲ್ಲಿ ಚೆಂದದ ಜಾಗಗಳಿವೆ, ಮನೆ ಪೂರ್ತಿ ಕಟ್ಟಿಲ್ಲ. 1975ರಲ್ಲಿ ‘ಟೈಮ್‌ವಿಂಡ್’ ಬಂತು. ಫ್ರಾನ್ಸಿನ ಅಕಾಡೆಮಿ ಚಾರ್ಲ್ಸ್ ಕ್ರೊ ಅದಕ್ಕೆ ತನ್ನ ದೊಡ್ಡ ಪ್ರಶಸ್ತಿ ಕೊಟ್ಟಿತು. ಜರ್ಮನಿಗಿಂತ ಮೊದಲು ಅವರನ್ನು ಮನಸಾರೆ ಒಪ್ಪಿಕೊಂಡವರು ಫ್ರೆಂಚ್ ಕೇಳುಗರು. ರೆಕಾರ್ಡಿನ ಒಂದು ಮಗ್ಗುಲಿಗೆ ಒಂದು ಕೃತಿ, ಇನ್ನೊಂದು ಮಗ್ಗುಲಿಗೆ ಇನ್ನೊಂದು, ಅಷ್ಟೇ. ಒಂದರ ಹೆಸರು ‘ಬೈರೊಯ್ಟ್ ರಿಟರ್ನ್’, ಮತ್ತೊಂದರದು ‘ವಾನ್‌ಫ್ರೀಡ್ 1883’. ಬೈರೊಯ್ಟ್ ಸಂಯೋಜಕ ರಿಚರ್ಡ್ ವಾಗ್ನರ್ ತಮ್ಮ ಒಪೆರಾಗಳಿಗಾಗಿ ರಂಗಮಂದಿರ ಕಟ್ಟಿಸಿದ ಊರು. ವಾನ್‌ಫ್ರೀಡ್ ಅಲ್ಲಿ ಅವರಿದ್ದ ಮನೆ. 1883ರಲ್ಲಿ ವೆನಿಸ್‌ನಲ್ಲಿ ತೀರಿಕೊಂಡ ವಾಗ್ನರ್‌ರನ್ನು ಮಣ್ಣು ಮಾಡಿದ್ದು ಆ ಮನೆಯ ಹಿತ್ತಿಲಲ್ಲೇ.

‘ಬೈರೊಯ್ಟ್ ರಿಟರ್ನ್’ ಶುರುವಾಗುವುದು ಗಾಳಿಯಿಂದ. ಯಂತ್ರದಲ್ಲಿ ಹುಟ್ಟಿಸಿದ ಗಾಳಿ. ಮಳೆಗಾಲದ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಾಗ ಕಿಟಕಿ ತೆರೆದಿದೆಯೇನೋ ಎಂದು ನಾನು ಎದ್ದು ನೋಡಿದ್ದೆ. ಗಾಳಿಯ ಹಿಂದಿನಿಂದ ಪುಟ್ಟ ಪುಟ್ಟ ಸ್ವರಗಳ ಒಂದು ಸರ ಓಡಿಕೊಂಡು ಬರುತ್ತದೆ; ಬಂದದ್ದು ಅರ್ಧ ಗಂಟೆ ನಿಲ್ಲುವುದಿಲ್ಲ. ಅದೇ ಸರ, ಅದೇ ಓಟ. ಹಾಗೆಂದುಕೊಂಡು ಎರಡು ನಿಮಿಷ ಬಿಟ್ಟು ಕಿವಿಗೊಟ್ಟರೆ ಅದೇ ಆಗಿರುವುದಿಲ್ಲ. ಯಾವಾಗ ಬದಲಾಯಿತೆಂದು ಹೇಳಲಾಗುವುದಿಲ್ಲ. ಸೂರ್ಯ ಮುಳುಗುವುದನ್ನು ಕೂತು ನೋಡಿದವರಿಗೆ ಈ ಅನುಭವ ಗೊತ್ತು.

ಇದು ಹೇಗಾಗುತ್ತದೆಂದು ತಿಳಿಯಬೇಕಾದರೆ ಸೀಕ್ವೆನ್ಸರ್ ಎಂಬ ಯಂತ್ರದ ಹತ್ತಿರ ಹೋಗಿ ನೋಡಬೇಕು. ಒಂದು ಪೆಟ್ಟಿಗೆಯ ಮುಖದಲ್ಲಿ ತಿರುಗಿಸುವ ಗುಂಡಿಗಳ ಸಾಲು, ಎಂಟೋ ಹದಿನಾರೋ. ಒಂದೊಂದು ಗುಂಡಿಯೂ ಒಂದೊಂದು ವೋಲ್ಟೇಜ್ ಕೊಡುತ್ತದೆ, ವೋಲ್ಟೇಜ್ ಎಷ್ಟಿದೆಯೋ ಸ್ವರ ಅಷ್ಟು ಏರುತ್ತದೆ. ಯಂತ್ರದೊಳಗಿನ ಗಡಿಯಾರ ಮೊದಲ ಗುಂಡಿಯಿಂದ ಕೊನೆಯದಕ್ಕೆ ಒಂದೊಂದೇ ಹೆಜ್ಜೆ ಇಟ್ಟು, ಕೊನೆ ಮುಟ್ಟಿದ ಕೂಡಲೇ ಮೊದಲಿಗೆ ಹಾರುತ್ತದೆ. ನಮ್ಮ ತಾಳದ ಆವರ್ತನದ ಹಾಗೆ. ತಾಳ ಹಾಕುವ ಕೈಗೆ ದಣಿವಿದೆ, ಇದಕ್ಕಿಲ್ಲ. ಇಷ್ಟೇ ಆಗಿದ್ದರೆ ಅದು ಆಟಿಕೆಯ ಸಂಗೀತವಾಗುತ್ತಿತ್ತು. ಶುಲ್ತ್ಸೆ ಮಾಡಿದ್ದೇನೆಂದರೆ, ಯಂತ್ರ ಓಡುತ್ತಿರುವಾಗಲೇ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದು. ಎಂಟರಲ್ಲಿ ಒಂದು ಸ್ವರ ಜರುಗುತ್ತದೆ. ಕೇಳುವವರ ಮನಸ್ಸಿನಲ್ಲಿ ಇಡೀ ಸಾಲಿನ ಒತ್ತು ಬೇರೆ ಕಡೆ ಬೀಳುತ್ತದೆ. ಆಮೇಲೆ ಫಿಲ್ಟರಿಗೆ ಕೈ ಹಾಕುತ್ತಾರೆ. ಭಜನೆ ನಡೆಯುತ್ತಿರುವ ಮನೆಯ ಬಾಗಿಲು ಮುಚ್ಚಿದ್ದರೆ ಬೀದಿಗೆ ಕೇಳುವುದು ಡೋಲಕ್ಕಿನ ಗುಮ್ಮೆನ್ನುವ ಸದ್ದು ಮಾತ್ರ. ಬಾಗಿಲು ಮೆಲ್ಲಗೆ ತೆರೆದಂತೆ ತಾಳದ ಕಿಣಿಕಿಣಿ, ಹಾಡಿನ ಅಕ್ಷರಗಳು ಹೊರಗೆ ಬರುತ್ತವೆ. ಫಿಲ್ಟರ್ ಮಾಡುವ ಕೆಲಸ ಅದೇ. ಆ ಬಾಗಿಲನ್ನು ಎಷ್ಟು ನಿಧಾನವಾಗಿ ತೆರೆಯಬೇಕು ಎಂಬುದರಲ್ಲಿ ಶುಲ್ತ್ಸೆ ಅವರ ಕಲೆಯೆಲ್ಲ ಇತ್ತು.

ಇನ್ನೊಂದು ಮಾತು. ಆ ಕಾಲದ ಅನಲಾಗ್ ಯಂತ್ರಗಳು ಬಿಸಿಯಾದರೆ ಶ್ರುತಿ ಬಿಡುತ್ತಿದ್ದವು. ಸಭಾಂಗಣದಲ್ಲಿ ಜನ ತುಂಬಿ ಸೆಕೆ ಏರಿದರೂ ಸಾಕು, ಒಂದು ಧ್ವನಿ ಇನ್ನೊಂದರಿಂದ ಜಾರುತ್ತಿತ್ತು. ನುಡಿಸುವವರು ಒಂದು ಕಿವಿಯನ್ನು ಸದಾ ಶ್ರುತಿಯ ಮೇಲಿಟ್ಟು ಸರಿಮಾಡಿಕೊಳ್ಳುತ್ತಲೇ ಇರಬೇಕು, ನಮ್ಮ ವೈಣಿಕರು ಬಿರಡೆ ತಿರುಗಿಸಿಕೊಳ್ಳುವ ಹಾಗೆ. ಯಂತ್ರದ ಸಂಗೀತಕ್ಕೆ ಕೈ ಬೇಡ, ಗುಂಡಿ ಒತ್ತಿದರೆ ಮುಗಿಯಿತು ಎನ್ನುವವರು ಆ ಕಾಲದ ಕಛೇರಿಗಳ ಫೋಟೊಗಳನ್ನು ನೋಡಬೇಕು. ಶುಲ್ತ್ಸೆ ವೇದಿಕೆಯ ಮೇಲೆ ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಸುತ್ತ ಮೂರು ಕಡೆ ಗೋಡೆಯಂತೆ ಯಂತ್ರಗಳು, ನೂರಾರು ವೈರುಗಳು. ಜನರಿಗೆ ಕಾಣುವುದು ಹೆಚ್ಚಾಗಿ ಅವರ ಬೆನ್ನು, ಉದ್ದ ಕೂದಲು. ಎರಡು ಕೈಯೂ ಕೆಲಸದಲ್ಲಿವೆ.

ಆ ಯಂತ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಹಿಂದೆ ಒಂದು ಕಥೆಯಿದೆ. ಮೂಗ್ ಕಂಪನಿಯ ಮಾಡ್ಯುಲರ್ ಸಿಂಥಸೈಜರ್ ಜರ್ಮನಿಯಲ್ಲಿ ಮೊದಮೊದಲು ಸಿಕ್ಕಿದ್ದು ಬೆರಳೆಣಿಕೆಯ ಜನಕ್ಕೆ. ಅವರಲ್ಲೊಬ್ಬರು ಮ್ಯೂನಿಕ್‌ನ ‘ಪೊಪೊಲ್ ವೂ’ ತಂಡದ ಫ್ಲೋರಿಯನ್ ಫ್ರಿಕೆ. ವೆರ್ನರ್ ಹೆರ್ಟ್ಸೋಗ್ ಅವರ ‘ಅಗಿರೆ’ ಸಿನಿಮಾ ನೋಡಿದವರಿಗೆ ಫ್ರಿಕೆಯವರ ಸಂಗೀತ ಗೊತ್ತಿರುತ್ತದೆ. ಫ್ರಿಕೆಗೆ ಕ್ರಮೇಣ ಯಂತ್ರ ಸಾಕಾಯಿತು. 1972ರ ‘ಹೊಸಿಯಾನಾ ಮಂತ್ರ’ ಆಲ್ಬಂನಲ್ಲಿ ಸಿಂಥಸೈಜರ್ ಬಿಟ್ಟು ಪಿಯಾನೊ ಮುಂದೆ ಕೂತರು; ಅದರಲ್ಲಿ ನಮ್ಮ ತಂಬೂರಿಯೂ ಮಿಡಿಯುತ್ತದೆ. ಕೆಲವು ವರ್ಷಗಳಾದ ಮೇಲೆ ಆ ಮೂಗ್ ಯಂತ್ರವನ್ನು ಶುಲ್ತ್ಸೆ ಕೊಂಡುಕೊಂಡರು. ಒಬ್ಬರು ತಂಬೂರಿಯ ನಾದ ಹುಡುಕಿಕೊಂಡು ಕೈಬಿಟ್ಟ ಯಂತ್ರದಿಂದಲೇ ಇನ್ನೊಬ್ಬರು ತಂಬೂರಿಯಂತೆ ತುಂಬಿ ನಿಲ್ಲುವ ನಾದ ತೆಗೆದರು. ಇಬ್ಬರದೂ ಸರಿಯಾದ ದಾರಿಯೇ.

ತಂಬೂರಿಯ ಹೆಸರು ಬಂದದ್ದಕ್ಕೆ ಇಲ್ಲಿ ತುಸು ನಿಲ್ಲುತ್ತೇನೆ. ಶುಲ್ತ್ಸೆ ನಮ್ಮ ಸಂಗೀತದಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ಅವರ ಗುರುಮನೆ ವಾಗ್ನರ್. ‘ರೈನ್‌ಗೋಲ್ಡ್’ ಒಪೆರಾದ ಆರಂಭದಲ್ಲಿ ವಾಗ್ನರ್ 136 ಆವರ್ತನಗಳಷ್ಟು ಹೊತ್ತು ಒಂದೇ ಸ್ವರಮೇಳವನ್ನು ಬಿಡದೆ ಹಿಡಿದು ರೈನ್ ನದಿಯನ್ನು ಮೂಡಿಸಿದರು. ಶುಲ್ತ್ಸೆ ಹಿಡಿದದ್ದು ಆ ಎಳೆ. ಹಾಗಿದ್ದರೂ ತಂಬೂರಿಯ ಮುಂದೆ ಕೂತು ಬೆಳೆದ ಕಿವಿಗೆ ಈ ಸಂಗೀತ ಬೇಗ ಒಲಿಯುತ್ತದೆ. ಆಲಾಪನೆಗೆ ನಲವತ್ತು ನಿಮಿಷ ಕೊಟ್ಟು ಅಭ್ಯಾಸವಿರುವ ಕೇಳುಗರಿಗೆ ಅರ್ಧ ಗಂಟೆಯ ಕೃತಿ ಉದ್ದವೆನಿಸುವುದಿಲ್ಲ. ಇನ್ನು ಯಂತ್ರವೂ ನಮಗೆ ಅಷ್ಟು ದೂರದ್ದಲ್ಲ. ‘ಇರ್‌ಲಿಖ್ಟ್’ ಬರುವ ಮೂರು ವರ್ಷ ಮೊದಲೇ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಸ್ಥಾಪಿಸಿದ್ದರು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ನಮ್ಮ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮಾಡಿ ಕಛೇರಿಗಳ ಚಹರೆಯನ್ನೇ ಬದಲಿಸಿದರು. ಎಲೆಕ್ಟ್ರಾನಿಕ್ ನಾದ ಈಗ ನಮ್ಮ ದೇವರ ಮನೆಯ ಪಕ್ಕದಲ್ಲೇ ಇದೆ.

1970ರ ದಶಕದ ನಡುವೆ ಶುಲ್ತ್ಸೆ ಬರ್ಲಿನ್ ಬಿಟ್ಟು ಉತ್ತರ ಜರ್ಮನಿಯ ಲ್ಯೂನೆಬುರ್ಗ್ ಬಯಲು ಸೀಮೆಯ ಹಾಂಬ್ಯೂರೆನ್ ಎಂಬ ಸಣ್ಣ ಊರಿಗೆ ಹೋದರು. ಮರಗಳ ನಡುವಿನ ಮನೆ, ಅದರಲ್ಲೇ ಸ್ಟುಡಿಯೊ. ಮುಂದಿನ ಕೆಲಸವೆಲ್ಲ ಹೆಚ್ಚುಕಡಿಮೆ ಅಲ್ಲೇ. ದೊಡ್ಡ ಮೂಗ್ ಕೈಗೆ ಬಂದ ಮೇಲಿನ ‘ಮೂನ್‌ಡಾನ್’ 1976ರದು. ಅದರಲ್ಲಿ ಹರಾಲ್ಡ್ ಗ್ರೋಸ್‌ಕೋಪ್ಫ್ ಎಂಬುವರು ಡ್ರಮ್ಸ್ ಬಾರಿಸಿದ್ದಾರೆ. ಡ್ರಮ್ಮರ್ ಆಗಿದ್ದವರು ಇನ್ನೊಬ್ಬ ಡ್ರಮ್ಮರಿಗೆ ಜಾಗ ಬಿಟ್ಟು ಕೂತ ರೀತಿ ಕೇಳುವಂತಿದೆ: ಸೀಕ್ವೆನ್ಸರಿನ ಓಟದ ಒಳಗೆ ಮನುಷ್ಯನ ಕೈ ಹತ್ತು ನಿಮಿಷ ಕಾದು, ಸಂದು ನೋಡಿ, ನಿಧಾನಕ್ಕೆ ಸೇರಿಕೊಳ್ಳುತ್ತದೆ. ಮರುವರ್ಷದ ‘ಮಿರಾಜ್’ ಇದಕ್ಕೆ ಪೂರಾ ವಿರುದ್ಧ. ‘ಎಲೆಕ್ಟ್ರಾನಿಕ್ ಚಳಿಗಾಲದ ಭೂದೃಶ್ಯ’ ಎಂದು ಅವರೇ ಅದನ್ನು ಕರೆದರು. ಡ್ರಮ್ಸ್ ಇಲ್ಲ. ಎರಡನೇ ಮಗ್ಗುಲಿನ ‘ಕ್ರಿಸ್ಟಲ್ ಲೇಕ್’ ಗಾಜಿನ ಚೂರುಗಳು ಒಂದಕ್ಕೊಂದು ತಾಗಿದಂತೆ ಶುರುವಾಗುತ್ತದೆ. ಮಂಜುಗಡ್ಡೆಯ ಕೆರೆಯೊಂದನ್ನು ಕಂಡಿರದ ನನ್ನಂಥವರಿಗೂ ಆ ಚಳಿ ತಾಗುತ್ತದೆ. ಅವರ ಕೆಲಸದಲ್ಲೆಲ್ಲ ನನಗೆ ತೀರಾ ಹತ್ತಿರವಾದದ್ದು ಇದೇ.

ಅದೇ ವರ್ಷಗಳಲ್ಲಿ ಅವರು ಲಂಡನ್ನಿನ ತಾರಾಲಯದಲ್ಲಿ, ಬ್ರಸೆಲ್ಸ್‌ನ ಸೇಂಟ್ ಮೈಕೆಲ್ ಕ್ಯಾಥೆಡ್ರಲಿನಲ್ಲಿ ನುಡಿಸಿದರು. ಜಪಾನಿನ ಸ್ಟೋಮು ಯಮಾಷ್ಟ ಕಟ್ಟಿದ ‘ಗೋ’ ತಂಡದಲ್ಲಿ ಸ್ಟೀವ್ ವಿನ್‌ವುಡ್, ಅಲ್ ಡಿ ಮಿಯೋಲಾ ಅವರಂಥವರ ಜತೆ ಸೇರಿದರು. ಜಪಾನಿನದೇ ‘ಫಾರ್ ಈಸ್ಟ್ ಫ್ಯಾಮಿಲಿ ಬ್ಯಾಂಡ್’ನ ಆಲ್ಬಂ ಒಂದನ್ನು ರೂಪಿಸಿಕೊಟ್ಟಾಗ ಅಲ್ಲಿದ್ದ ಕೀಬೋರ್ಡ್ ಹುಡುಗನಿಗೆ ಸಿಂಥಸೈಜರಿನ ಮರ್ಮಗಳನ್ನು ತೋರಿಸಿದರು. ಆ ಹುಡುಗನೇ ಮುಂದೆ ‘ಸಿಲ್ಕ್ ರೋಡ್’ ಸಂಗೀತದಿಂದ ಜಗತ್ತಿಗೆಲ್ಲ ಪರಿಚಯವಾದ ಕಿಟಾರೊ.

1978ರಲ್ಲಿ ಅವರ ಹತ್ತನೇ ಆಲ್ಬಂ ಬಂತು, ಹೆಸರೂ ರೋಮನ್ ಅಂಕಿಯ ಹತ್ತು, ‘ಎಕ್ಸ್’ ಎಂದೇ. ಎರಡು ರೆಕಾರ್ಡುಗಳ ತುಂಬ ಆರು ಜನರ ಸಂಗೀತಚಿತ್ರ: ನೀತ್ಶೆ, ಕವಿ ಗೇಯೋರ್ಗ್ ಟ್ರಾಕ್ಲ್, ಕಾದಂಬರಿಕಾರ ಫ್ರಾಂಕ್ ಹರ್ಬರ್ಟ್, ಮಹಾ ಸಂಯೋಜಕ ಬಾಖ್‌ರ ಮಗ ಫ್ರೀಡೆಮಾನ್ ಬಾಖ್, ವಾಗ್ನರ್‌ರನ್ನು ಪೊರೆದ ದೊರೆ ಎರಡನೇ ಲುಡ್ವಿಗ್, ಲೇಖಕ ಹೈನ್ರಿಖ್ ಫಾನ್ ಕ್ಲೈಸ್ಟ್. ಇವರಲ್ಲಿ ಹೆಚ್ಚಿನವರು ಬದುಕಿನಲ್ಲಿ ನೊಂದು ಹೋದವರು, ಒಂಟಿಯಾದವರು. ಶುಲ್ತ್ಸೆ ಅವರ ಮನಸ್ಸಿನ ರೀತಿ ಇಲ್ಲಿ ಚೆನ್ನಾಗಿ ಕಾಣುತ್ತದೆ: ಒಮ್ಮೆ ಹಚ್ಚಿಕೊಂಡವರನ್ನು ಅವರು ಬಿಡುವುದಿಲ್ಲ. ನೀತ್ಶೆಯ ಹಳ್ಳಿ ಮೊದಲ ಆಲ್ಬಂನಲ್ಲೇ ಇತ್ತು, ಆರು ವರ್ಷದ ಮೇಲೆ ನೀತ್ಶೆ ತಾವೇ ಬಂದರು. ಟ್ರಾಕ್ಲ್ ಮೊದಲನೇ ಮಹಾಯುದ್ಧದ ಮೊದಲ ತಿಂಗಳುಗಳಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ಸತ್ತ ಕವಿ. ಅವರ ಕೊನೆಯ ಗಳಿಗೆಗಳನ್ನೇ ವಸ್ತು ಮಾಡಿಕೊಂಡು ಶುಲ್ತ್ಸೆ 1994ರಲ್ಲಿ ‘ಟೋಟೆನ್‌ಟಾಗ್’ ಎಂಬ ಒಪೆರಾ ಮಾಡಿದರು. ವಾಗ್ನರ್‌ರಂತೂ ಬಿಡಲೇ ಇಲ್ಲ; 1979ರಿಂದ ‘ರಿಚರ್ಡ್ ವಾನ್‌ಫ್ರೀಡ್’ ಎಂಬ ಇನ್ನೊಂದು ಹೆಸರಿನಲ್ಲೇ ಒಂದಷ್ಟು ಆಲ್ಬಂ ತಂದರು. ಫ್ರಾಂಕ್ ಹರ್ಬರ್ಟ್ ಬರೆದ ‘ಡ್ಯೂನ್’ ಕಾದಂಬರಿಯ ಮರುಭೂಮಿಗೂ ಅವರು ಮತ್ತೆ ಮತ್ತೆ ಹೋದರು. 1979ರಲ್ಲಿ ‘ಡ್ಯೂನ್’ ಎಂದೇ ಆಲ್ಬಂ ಬಂತು, ವೋಲ್ಫ್‌ಗಾಂಗ್ ಟೀಪೋಲ್ಡ್ ಅವರ ಸೆಲ್ಲೊ ವಾದನದೊಂದಿಗೆ. ಈ ಮರುಭೂಮಿಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

1980ರಲ್ಲಿ ಯಂತ್ರಗಳ ಲೋಕ ತಲೆಕೆಳಗಾಯಿತು. ಡಿಜಿಟಲ್ ಬಂತು. ಹತ್ತು ವರ್ಷ ಕಾಡಿಬೇಡಿ ಪಳಗಿಸಿದ ಯಂತ್ರಗಳನ್ನು ಅಪ್ಪಿಕೊಂಡು ಕೂರುವುದು ಸುಲಭವಿತ್ತು. ಶುಲ್ತ್ಸೆ ಹಾಗೆ ಮಾಡಲಿಲ್ಲ. ‘ಡಿಗ್ ಇಟ್’ ಎಂಬ ಆಲ್ಬಂನಲ್ಲಿ ಕಂಪ್ಯೂಟರ್ ಸಿಂಥಸೈಜರಿಗೆ ಬದಲಾದರು. ಅದರ ಮೊದಲ ಕೃತಿಗೆ ‘ಡೆತ್ ಆಫ್ ಆನ್ ಅನಲಾಗ್’ ಎಂದು ಹೆಸರಿಟ್ಟು, ಹಳೆಯ ಯಂತ್ರಕ್ಕೆ ಅಂತ್ಯಕ್ರಿಯೆ ಮಾಡಿದರು. ಅದೇ ವರ್ಷ ಆಸ್ಟ್ರಿಯಾದ ಲಿಂಟ್ಸ್ ನಗರದ ಉತ್ಸವಕ್ಕೆ ಅಲ್ಲಿನ ಉಕ್ಕಿನ ಕಾರ್ಖಾನೆಯ ಸದ್ದುಗಳನ್ನೇ ಸ್ವರಸಂಪತ್ತಾಗಿ ಬಳಸಿ ‘ಉಕ್ಕಿನ ಸಿಂಫನಿ’ ನುಡಿಸಿದರು. ನಮ್ಮ ಭದ್ರಾವತಿಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕುಲುಮೆಯ ಸದ್ದಿನಲ್ಲಿ ಲಯವಿದೆಯೆಂದು ಅಂಥ ಊರುಗಳಲ್ಲಿ ಬೆಳೆದವರಿಗೆ ಗೊತ್ತು.

ಎಂಬತ್ತರ ದಶಕ ಅವರಿಗೆ ಸಮವಾದ ದಾರಿಯಾಗಿರಲಿಲ್ಲ. 1978ರ ಹೊತ್ತಿಗೆ ಅವರು ‘ಇನೋವೇಟಿವ್ ಕಮ್ಯುನಿಕೇಷನ್’ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದ್ದರು. ಅದು ಹೊರತಂದ ‘ಇಡೆಯಾಲ್’ ಎಂಬ ಬರ್ಲಿನ್ ತಂಡದ ಚುರುಕಾದ ಹಾಡುಗಳು ಲಕ್ಷಗಟ್ಟಲೆ ಮಾರಿದವು. ತಮ್ಮ ಸಂಗೀತದಿಂದ ತೀರಾ ದೂರವಿದ್ದ ಹುಡುಗರಿಗೆ ಶುಲ್ತ್ಸೆ ಬಾಗಿಲು ತೆರೆದರು ಎಂಬುದು ನನಗೆ ಹೆಚ್ಚಿನ ಮಾತು. ಆದರೆ ಲೆಕ್ಕಪತ್ರ, ಒಪ್ಪಂದಗಳ ಬದುಕು ಅವರದಲ್ಲ. 1983ರಲ್ಲಿ ಕಂಪನಿಯನ್ನು ಮಾರಿದರು. ಅದೇ ಸುಮಾರಿಗೆ ಆಸ್ಟ್ರಿಯಾದ ‘ಆಂಗ್ಸ್ಟ್’ ಸಿನಿಮಾಕ್ಕೆ ಸಂಗೀತ ಮಾಡಿದರು. ಅದರ ‘ಫ್ರೀಝ್’ ಎಂಬ ಕೃತಿಯನ್ನು ಹಾಲಿವುಡ್ಡಿನ ಮೈಕೆಲ್ ಮಾನ್ 1986ರ ‘ಮ್ಯಾನ್‌ಹಂಟರ್’ ಚಿತ್ರದಲ್ಲಿ ಬಳಸಿಕೊಂಡರು. 1983ರಲ್ಲಿ ಪೋಲೆಂಡ್ ಪ್ರವಾಸ ಮಾಡಿದ್ದೂ ಹೇಳಬೇಕು. ಸೈನ್ಯಾಡಳಿತದ ಕತ್ತಲಿನಿಂದ ಆಗಷ್ಟೇ ಹೊರಬರುತ್ತಿದ್ದ ದೇಶ ಅದು. ಆ ಕಛೇರಿಗಳ ರೆಕಾರ್ಡಿಗೆ ಪೋಲಿಷ್ ಪದವನ್ನೇ ಸೇರಿಸಿ ‘ಧನ್ಯವಾದ ಪೋಲೆಂಡ್’ ಎಂದು ಹೆಸರಿಟ್ಟರು.

ತೊಂಬತ್ತರ ದಶಕದಲ್ಲಿ, ಸದ್ದುಗಳನ್ನು ಹಿಡಿದಿಟ್ಟು ನುಡಿಸುವ ಸ್ಯಾಂಪ್ಲರ್ ಯಂತ್ರದ ಮೋಹಕ್ಕೆ ಬಿದ್ದರು. ಒಪೆರಾ ಹಾಡುಗಾರರ ದನಿಯ ತುಣುಕು, ಹಕ್ಕಿ, ಗಾಯನಮೇಳ ಎಲ್ಲವೂ ಒಂದರ ಮೇಲೊಂದು ಬಂದು ಬೀಳುತ್ತವೆ. ಅವರ ಅಭಿಮಾನಿಯಾಗಿಯೇ ಹೇಳುತ್ತೇನೆ, ಈ ಕಾಲದ ಎಷ್ಟೋ ಆಲ್ಬಂಗಳು ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಒಂದು ಸ್ವರಕ್ಕೆ ಹೊತ್ತು ಕೊಡುತ್ತಿದ್ದವರು ಅಲ್ಲಿ ಆತುರ ಮಾಡಿದರು. ಪೆಟ್ಟಿಗೆಯಲ್ಲಿದ್ದ ಹಳೆಯ ಟೇಪುಗಳೆಲ್ಲ ಹೊರಬಂದವು. 2000ದಲ್ಲಿ ಬಂದ ಒಂದು ಸಂಪುಟದಲ್ಲಿ 50 ಸಿಡಿಗಳಿವೆ. ಹೊಸಬರು ಅದರಿಂದ ಶುರುಮಾಡಬಾರದು. ತೊಂಬತ್ತರ ದಶಕದಲ್ಲೇ ಅವರನ್ನು ಮರಳಿ ದಾರಿಗೆ ತಂದವರು ಫ್ರಾಂಕ್‌ಫರ್ಟಿನ ಪೀಟರ್ ನಾಮ್‌ಲುಕ್ ಎಂಬ ಕಿರಿಯ ಸಂಗೀತಗಾರ. ಶುಲ್ತ್ಸೆಯ ಆಲ್ಬಂಗಳು ಬರುವಾಗ ಶಾಲೆಯಲ್ಲಿದ್ದ ಪೀಳಿಗೆ ಆ ಹೊತ್ತಿಗೆ ತಾನೇ ಟೆಕ್ನೊ, ಆಂಬಿಯೆಂಟ್ ಎಂದು ಹೊಸ ಸಂಗೀತ ಮಾಡುತ್ತಿತ್ತು. ಇಬ್ಬರೂ ಕೂಡಿ 1994ರಿಂದ 2008ರವರೆಗೆ ‘ದ ಡಾರ್ಕ್ ಸೈಡ್ ಆಫ್ ದ ಮೂಗ್’ ಎಂಬ ಮಾಲೆಯಲ್ಲಿ ಹನ್ನೊಂದು ಭಾಗ ತಂದರು. ಸತ್ತಿತೆಂದು ಹದಿನಾಲ್ಕು ವರ್ಷದ ಹಿಂದೆ ಮಣ್ಣು ಮಾಡಿದ್ದ ಅನಲಾಗ್ ಯಂತ್ರ ಎದ್ದು ಕೂತಿತು.

ಅರವತ್ತು ದಾಟಿದ ಮೇಲೆ ಅವರಿಗೆ ಒಂದು ದನಿ ಜೊತೆಯಾಯಿತು. ಆಸ್ಟ್ರೇಲಿಯಾದ ಗಾಯಕಿ ಲೀಸಾ ಜೆರಾರ್ಡ್. ‘ಗ್ಲಾಡಿಯೇಟರ್’ ಚಿತ್ರ ನೋಡಿದವರು ಅವರ ದನಿ ಕೇಳಿರುತ್ತಾರೆ. ಯಾವ ಭಾಷೆಗೂ ಸೇರದ ಅಕ್ಷರಗಳಲ್ಲಿ ಹಾಡುವ ಅವರ ರೀತಿಗೂ ನಮ್ಮ ಆಕಾರದ ಗಾಯನಕ್ಕೂ ದೂರದ ನಂಟಿದೆ ಎನಿಸುತ್ತದೆ. 2008ರಲ್ಲಿ ಇಬ್ಬರೂ ರೈನ್ ನದಿಯ ದಂಡೆಯ ಲೋರೆಲೈ ಬಂಡೆಯ ಮೇಲಿನ ಬಯಲು ರಂಗಮಂದಿರದಲ್ಲಿ ನುಡಿಸಿ ಹಾಡಿದರು. ಆ ಕಛೇರಿಯ ರೆಕಾರ್ಡಿಗೆ ‘ರೈನ್‌ಗೋಲ್ಡ್’ ಎಂದು ಹೆಸರು. ವಾಗ್ನರ್ ಒಂದೇ ಸ್ವರಮೇಳದಲ್ಲಿ ಹಿಡಿದ ನದಿಯ ದಂಡೆಗೆ, ಅದೇ ಹೆಸರಿನೊಂದಿಗೆ ಶುಲ್ತ್ಸೆ ಕೊನೆಗೆ ಬಂದು ಕೂತರು. 2010ರಲ್ಲಿ ಟೋಕಿಯೊದಲ್ಲಿ ನುಡಿಸಿದ ಮೇಲೆ ವೇದಿಕೆಯಿಂದ ದೂರವಾದರು. ಆರೋಗ್ಯ ಕೈಕೊಟ್ಟಿತ್ತು. ಹೊಸ ಆಲ್ಬಂ ಇಲ್ಲದೆ ಐದು ವರ್ಷ ಕಳೆದ ಬಳಿಕ 2018ರಲ್ಲಿ ‘ಸಿಲುಯೆಟ್ಸ್’ ಬಂತು. ಅವಸರವಿಲ್ಲದ, ಯಾರಿಗೂ ಏನನ್ನೂ ಸಾಬೀತು ಮಾಡಬೇಕಿಲ್ಲದ ಸಂಗೀತ. ತೊಂಬತ್ತರ ದಶಕದಲ್ಲಿ ಕಳೆದುಹೋಗಿದ್ದ ಹೊತ್ತು ಅದರಲ್ಲಿ ಮತ್ತೆ ಸಿಗುತ್ತದೆ.

ಈಗ ಆ ಮರುಭೂಮಿಯ ಕಥೆ. 2021ರಲ್ಲಿ ‘ಡ್ಯೂನ್’ ಹೊಸದಾಗಿ ಸಿನಿಮಾ ಆಯಿತು. ಸಂಗೀತ ಹಾನ್ಸ್ ಝಿಮ್ಮರ್ ಅವರದು, ಅವರೂ ಜರ್ಮನಿಯಲ್ಲಿ ಹುಟ್ಟಿದವರೇ. 1978ರಲ್ಲಿ ಶುಲ್ತ್ಸೆ ಬರೆದ ‘ಫ್ರಾಂಕ್ ಹರ್ಬರ್ಟ್’ ಕೃತಿಯ ಎಳೆಯನ್ನು ಝಿಮ್ಮರ್ ಕೈಗೆತ್ತಿಕೊಂಡರು. ‘ಗ್ರೇನ್ಸ್ ಆಫ್ ಸ್ಯಾಂಡ್’ ಎಂಬ ಕೃತಿ ಹಾಗೆ ಹುಟ್ಟಿತು. ನಲವತ್ಮೂರು ವರ್ಷದ ಹಿಂದೆ ಕಾಡಂಚಿನ ಮನೆಯೊಂದರಲ್ಲಿ ಮೂಡಿದ ಸ್ವರಗಳು ಜಗತ್ತಿನ ಕಿವಿಗೆ ಬಿದ್ದವು. ಆ ಹುಮ್ಮಸ್ಸಿನಲ್ಲಿ ಶುಲ್ತ್ಸೆ ಹರ್ಬರ್ಟ್ ಅವರ ಮರಳುಗಾಡಿಗೆ ಇನ್ನೊಮ್ಮೆ ಹೋಗಿಬರಲು ಕೂತರು. ಹೊಸ ಆಲ್ಬಂನ ಹೆಸರು ‘ಡೇಯುಸ್ ಅರ್ರಾಕಿಸ್’. ಅದರಲ್ಲೂ ಟೀಪೋಲ್ಡ್ ಅವರ ಸೆಲ್ಲೊ ಇದೆ. ಆಲ್ಬಂ ಸಿದ್ಧವಾಗಿ ಇನ್ನೇನು ಹೊರಬರಬೇಕು ಎನ್ನುವಾಗ, 2022ರ ಏಪ್ರಿಲ್ 26ರಂದು, ಶುಲ್ತ್ಸೆ ತೀರಿಕೊಂಡರು. 74 ವರ್ಷವಾಗಿತ್ತು. ಆಲ್ಬಂ ಅದೇ ವರ್ಷ ಬಂತು. ಆಶ್ ರಾ ಟೆಂಪಲ್ಲಿನ ಗೆಳೆಯ ಗ್ಯೋಟ್‌ಶಿಂಗ್ ಆ ವರ್ಷದ ಡಿಸೆಂಬರಿನಲ್ಲಿ ಹೋದರು. ಡ್ರಮ್ಸ್ ಬಾರಿಸು ಎಂದಿದ್ದ ಫ್ರೋಸೆ 2015ರಲ್ಲೇ ಹೋಗಿದ್ದರು. ಗೋಡೆ ಸುತ್ತಿದ ಊರಿನ ಆ ಕಪ್ಪು ಬಿಳಿ ಕೋಣೆಗಳ ಹುಡುಗರಲ್ಲಿ ಈಗ ಉಳಿದವರು ಕೆಲವರೇ.

ಇವರನ್ನು ಇದುವರೆಗೆ ಕೇಳಿರದಿದ್ದರೆ ‘ಟೈಮ್‌ವಿಂಡ್’ನಿಂದ ಶುರುಮಾಡಿ, ಆಮೇಲೆ ‘ಮಿರಾಜ್’ಗೆ ಹೋಗಿ. ಫೋನಿನ ಸಣ್ಣ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಗಾಳಿ ಕೇಳಿಸುವುದಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ದೀಪ ಆರಿಸಿ ಕೂತುಕೊಳ್ಳಿ. ‘ಬೈರೊಯ್ಟ್ ರಿಟರ್ನ್’ ಅರ್ಧ ಗಂಟೆಗಿಂತ ಅರ್ಧ ನಿಮಿಷ ಹೆಚ್ಚಿದೆ. ನಡುವೆ ಏಳಬೇಡಿ.